ಗಮ್ ಬೈಕ್ರೋಮೇಟ್: ತೊಗಟೆ ನಿಲ್ಲುತ್ತೆ, ಆಕಾಶ ತೊಳೆದು ಹೋಗುತ್ತೆ

ನೀಲಿಹಾಳೆ:

ಎಲ್ಲರಿಗೂ ನಮಸ್ಕಾರ. ಸಯನೋಟೈಪ್ (ಬಿಸಿಲಿಗಿಟ್ಟು ನೀಲಿ ಚಿತ್ರ ಮೂಡಿಸುವ ಹಳೇ ಫೋಟೋ ಮುದ್ರಣ) ಮಾಡಿ ಮಾಡಿ ನೀಲಿ ಸಾಕಾಗಿದೆ. ಈಗ ಗಮ್ ಬೈಕ್ರೋಮೇಟ್‌ಗೆ ಕೈ ಹಾಕಿದ್ದೇನೆ. ಗೋಂದು, ಟ್ಯೂಬಿನ ಜಲವರ್ಣ, ಡೈಕ್ರೋಮೇಟ್ (ಬೆಳಕು ಬಿದ್ದಾಗ ಗೋಂದನ್ನು ಗಟ್ಟಿ ಮಾಡುವ ಕಿತ್ತಳೆ ಲವಣ, ಹಳೇ ಹೆಸರು ಬೈಕ್ರೋಮೇಟ್) ಮೂರನ್ನೂ ಕಲಸಿ ಕಾಗದಕ್ಕೆ ಬಳಿದು, ಒಣಗಿಸಿ, ನೆಗೆಟಿವ್ ಹೊದಿಸಿ ಬಿಸಿಲಿಗಿಟ್ಟು, ಬರೀ ನೀರಲ್ಲಿ ತೊಳೆಯುವ ವಿಧಾನ. ಓದುವಾಗ ಸುಲಭ ಅನಿಸಿತ್ತು. ನೀರಿಗೆ ಹಾಕಿದ ಮೇಲೆ ಹಾಗಿಲ್ಲ.

ನನ್ನ ಚಿತ್ರ ಒಂದು ದಪ್ಪ ಮರದ ಬೊಡ್ಡೆ. ಮುಂದೆ ಬಿರುಕುಬಿಟ್ಟ ತೊಗಟೆ, ಹಿಂದೆ ತೆಳು ಮೋಡದ ಆಕಾಶ. ಆಕಾಶ ಪೂರ್ತಿ ಬಿಳಿಯಲ್ಲ, ಅದರಲ್ಲಿ ತಿಳಿಬೂದಿಯ ಮೂರ್ನಾಲ್ಕು ಛಾಯೆಗಳಿವೆ, ಆ ಛಾಯೆಗಳಿಗೋಸ್ಕರವೇ ಈ ಚಿತ್ರ ಆರಿಸಿಕೊಂಡದ್ದು. ಸಯನೋಟೈಪಿನಲ್ಲಿ ಅವೆಲ್ಲ ಚೆನ್ನಾಗಿ ಬಂದಿವೆ. ಅದೇ ನೆಗೆಟಿವ್ ಇಲ್ಲೂ ಬಳಸುತ್ತಿದ್ದೇನೆ.

ಕಾಗದ 300 ಜಿಎಸ್‌ಎಂ, ಹಾಟ್ ಪ್ರೆಸ್, ಅಂದರೆ ನುಣುಪು ಮೇಲ್ಮೈಯದು. ಬೇರೆ ಲೇಪ ಏನೂ ಹಚ್ಚಿಲ್ಲ. ಪೊಟಾಸಿಯಂ ಡೈಕ್ರೋಮೇಟ್ ಹತ್ತು ಪರ್ಸೆಂಟ್ ದ್ರಾವಣ. ಅಂಗಡಿಯ ಬಾಟಲಿ ಗೋಂದು. ಬಣ್ಣ ಐವರಿ ಬ್ಲ್ಯಾಕ್, ಕಪ್ಪು ಗಟ್ಟಿಯಾಗಿ ಬರಲಿ ಅಂತ ಧಾರಾಳವಾಗಿ ಹಾಕುತ್ತೇನೆ. ಗೋಂದು-ಬಣ್ಣ ಎಷ್ಟೋ ಡೈಕ್ರೋಮೇಟ್ ಅಷ್ಟೇ. ಬಳಿದ ಮೇಲೆ ಹೇರ್ ಡ್ರೈಯರ್‌ನಲ್ಲಿ ಒಣಗಿಸುತ್ತೇನೆ.

ಬಿಸಿಲಿಂದ ತಂದಾಗ ಹಾಳೆಯ ಮೇಲೆ ಕಂದು ಬಣ್ಣದಲ್ಲಿ ಇಡೀ ಚಿತ್ರ ಕಾಣುತ್ತೆ, ಆಕಾಶವೂ ಸೇರಿ. ನೀರಿಗಿಟ್ಟು ಸ್ವಲ್ಪ ಹೊತ್ತಿಗೆ ಆಕಾಶ ಚಕ್ಕೆ ಚಕ್ಕೆಯಾಗಿ ಎದ್ದು ತೇಲಿ ಹೋಗುತ್ತೆ. ಕರಗುವುದಲ್ಲ, ಸಿಪ್ಪೆ ಏಳುವ ಹಾಗೆ. ತೊಗಟೆ ಮಾತ್ರ ಕಲ್ಲಿನ ಹಾಗೆ ನಿಲ್ಲುತ್ತೆ, ಬಿರುಕುಗಳೆಲ್ಲ ಒಂದೇ ಕಪ್ಪು. ಬಿಸಿಲಲ್ಲಿ ಇನ್ನೂ ಹೊತ್ತು ಇಟ್ಟರೆ ಆಕಾಶ ಅಲ್ಲಲ್ಲಿ ಉಳಿಯುತ್ತೆ, ಆದರೆ ತೊಗಟೆಯ ವಿವರ ಪೂರ್ತಿ ಮುಚ್ಚಿಹೋಗುತ್ತೆ.

ಬೆಳಕಿನ ಹೊತ್ತು ತಪ್ಪೋ, ಗೋಂದು ತೆಳುವೋ, ಕಾಗದ ಸರಿಯಿಲ್ಲವೋ? ಯಾವುದನ್ನು ಮೊದಲು ಬದಲಿಸಲಿ? ಮುಂದೆ ಇದರಲ್ಲೇ ಮೂರು ಬಣ್ಣದ ಚಿತ್ರ ಮಾಡುವ ಆಸೆ ಇದೆ. ಅದಕ್ಕೆ ಮೊದಲು ಒಂದು ಕಪ್ಪಾದರೂ ಕೈಗೆ ಸಿಗಬೇಕಲ್ಲ.


ಕರಿಟ್ಯೂಬ್:

ಐವರಿ ಬ್ಲ್ಯಾಕ್ ಬಿಟ್ಟು ಲ್ಯಾಂಪ್ ಬ್ಲ್ಯಾಕ್ ತಗೊಳ್ಳಿ, ಸ್ವಲ್ಪ ಹಾಕಿದರೂ ಗಾಢ ಕಪ್ಪು. ಆಕಾಶ ನಿಲ್ಲುತ್ತಿಲ್ಲ ಅಂದರೆ ಅಲ್ಲಿ ಬಣ್ಣ ಸಾಲುತ್ತಿಲ್ಲ ಅಂತ ಅರ್ಥ, ಇನ್ನೂ ಸ್ವಲ್ಪ ಸೇರಿಸಿ ನೋಡಿ. ಎಷ್ಟು ಸೇರಿಸಬಹುದು ಅನ್ನೋದಕ್ಕೆ ಹಳೇ ಪರೀಕ್ಷೆ ಇದೆ. ಗೋಂದಿಗೆ ಬಣ್ಣ ಹೆಚ್ಚಿಸುತ್ತಾ ಹೋಗಿ, ಪ್ರತಿ ಪ್ರಮಾಣಕ್ಕೂ ಕಾಗದದ ಮೇಲೆ ಒಂದು ಪಟ್ಟೆ ಎಳೆಯಿರಿ, ಡೈಕ್ರೋಮೇಟ್ ಬೇಡ. ಒಣಗಿದ ಮೇಲೆ ನೀರಲ್ಲಿ ನೆನೆಸಿ. ಯಾವ ಪಟ್ಟೆ ಕಲೆ ಬಿಡದೆ ಪೂರ್ತಿ ಹೋಗುತ್ತೋ ಅದೇ ನಿಮ್ಮ ಮಿತಿ. ಪುಸ್ತಕಗಳಲ್ಲೆಲ್ಲ ಇದೆ.


ಝಿಂಕ್‌ಪ್ಲೇಟ್:

ಗೋಂದು, ಡೈಕ್ರೋಮೇಟ್ ಎರಡನ್ನೂ ನಾನು ಹೊಟ್ಟೆಪಾಡಿಗೆ ಬಳಸಿದವನು, ಕಲೆಗೆ ಅಲ್ಲ. ಆಫ್‌ಸೆಟ್ ಪ್ರೆಸ್ಸಿನಲ್ಲಿ ಪ್ಲೇಟ್ ಮಾಡುವ ಕೆಲಸ. ಲೇಪ ಹಚ್ಚಿದ ರೆಡಿ ಪ್ಲೇಟುಗಳು ಬರುವುದಕ್ಕೆ ಮುಂಚೆ ಝಿಂಕ್ ತಗಡಿನ ಮೇಲೆ ಮೊಟ್ಟೆಯ ಬಿಳಿ ಮತ್ತು ಅಮೋನಿಯಂ ಡೈಕ್ರೋಮೇಟ್ ಸೇರಿದ ದ್ರಾವಣ ಸುರಿದು, ಯಂತ್ರದಲ್ಲಿ ತಿರುಗಿಸಿ ಹರಡಿ, ಆರ್ಕ್ ದೀಪದಲ್ಲಿ ಬೆಳಕು ಕೊಡುತ್ತಿದ್ದೆವು. ಕೊನೆಗೆ ಪ್ಲೇಟಿಗೆ ಗೋಂದು ಬಳಿಯುವುದು. ನಿವೃತ್ತಿ ಆದ ಮೇಲೆ ಅದೇ ಸಾಮಾನಿನಲ್ಲಿ ಚಿತ್ರ ಮಾಡುತ್ತಾ ಕೂತಿದ್ದೇನೆ. ಹಾಗಾಗಿ ನನ್ನ ಮಾತಿನಲ್ಲಿ ಸೌಂದರ್ಯಶಾಸ್ತ್ರ ಕಡಿಮೆ, ಪ್ಲೇಟ್ ರೂಮಿನ ವಾಸನೆ ಜಾಸ್ತಿ.

ನೀಲಿಹಾಳೆಯವರೇ, ನಿಮ್ಮ ವಿವರಣೆಯಲ್ಲಿ ಒಂದು ಮಾತು ಚಿನ್ನ: ಕರಗುವುದಲ್ಲ, ಸಿಪ್ಪೆ ಏಳುವ ಹಾಗೆ. ಉತ್ತರ ಅಲ್ಲೇ ಇದೆ.

ಬೆಳಕು ಬೀಳುವುದು ಮೇಲಿಂದ. ಡೈಕ್ರೋಮೇಟ್ ಸೇರಿದ ಗೋಂದು ಗಟ್ಟಿಯಾಗುವುದೂ ಮೇಲಿಂದ ಕೆಳಕ್ಕೆ. ತೊಗಟೆಯ ಜಾಗದಲ್ಲಿ ನಿಮ್ಮ ನೆಗೆಟಿವ್ ತಿಳಿಯಾಗಿದೆ, ಬೆಳಕು ಧಾರಾಳ, ಲೇಪ ಮೇಲಿಂದ ಕಾಗದದ ತನಕ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ಆಕಾಶದ ಜಾಗದಲ್ಲಿ ನೆಗೆಟಿವ್ ಗಾಢ. ನುಸುಳಿ ಬಂದ ಅಷ್ಟಿಷ್ಟು ಬೆಳಕಿಗೆ ಲೇಪದ ಮೇಲ್ಪೊರೆ ಮಾತ್ರ ಗಟ್ಟಿಯಾಯಿತು. ಆ ಪೊರೆಗೂ ಕಾಗದಕ್ಕೂ ನಡುವೆ ನೀರಲ್ಲಿ ಕರಗುವ ಗೋಂದು ಹಾಗೇ ಉಳಿಯಿತು. ಟ್ರೇಗೆ ಹಾಕಿದಿರಿ, ಅಡಿಯದು ಕರಗಿತು, ಮೇಲಿನದು ಕಾಲಿಲ್ಲದೆ ತೇಲಿಹೋಯಿತು. ಬಿಸಿಲಿಂದ ತಂದಾಗ ಆಕಾಶ ಕಂಡಿದ್ದು ನಿಮ್ಮ ಭ್ರಮೆ ಅಲ್ಲ. ಚಿತ್ರ ಬಂದಿತ್ತು, ನಿಲ್ಲಲು ನೆಲ ಇರಲಿಲ್ಲ.

ಇದು ಹೊಸ ಸಮಸ್ಯೆ ಏನಲ್ಲ. ಡೈಕ್ರೋಮೇಟಿನಲ್ಲಿ ನೆನೆಸಿದ ಕಾಗದ ಬೆಳಕಿಗೆ ಬಣ್ಣ ತಿರುಗುತ್ತೆ ಅಂತ ಮಂಗೋ ಪಾಂಟನ್ ತೋರಿಸಿದ್ದು 1839ರಲ್ಲಿ. ಅದರ ಜೊತೆ ಸೇರಿದ ಜೆಲಟಿನ್ ಗಟ್ಟಿಯಾಗುತ್ತೆ ಅನ್ನುವುದನ್ನು ಟಾಲ್ಬಟ್ 1852ರ ಪೇಟೆಂಟಿನಲ್ಲಿ ಬಳಸಿಕೊಂಡ. 1855ರಲ್ಲಿ ಪ್ವಾತ್ವೆ ಅದಕ್ಕೆ ಬಣ್ಣದ ಪುಡಿ ಸೇರಿಸಿದ. 1858ರಲ್ಲಿ ಇಂಗ್ಲೆಂಡಿನ ಜಾನ್ ಪೌನ್ಸಿ ಗೋಂದಿನ ಚಿತ್ರಗಳನ್ನು ಮಾಡಿ ತೋರಿಸಿದ. ಎಲ್ಲರಿಗೂ ಒಂದೇ ಗೋಳು: ಕಪ್ಪು ನಿಲ್ಲುತ್ತೆ, ನಡುವಿನ ಛಾಯೆ ಹೋಗುತ್ತೆ. ಗಟ್ಟಿ ಪೊರೆ ಮೇಲಿದೆ, ಕರಗುವುದು ಕೆಳಗಿದೆ, ಅದಕ್ಕೇ ಹೀಗೆ ಅಂತ 1858ರಲ್ಲೇ ಲಾಬೋರ್ಡ್ ಎಂಬ ಫ್ರೆಂಚ್ ಪಾದ್ರಿ ಹೇಳಿದರು. ಬಣ್ಣ ಸೇರಿದ ಜೆಲಟಿನ್ ಬಳಸುವ ಕಾರ್ಬನ್ ಮುದ್ರಣದವರು ಇದಕ್ಕೆ ದಾರಿ ಕಂಡುಕೊಂಡರು. 1864ರಲ್ಲಿ ಜೋಸೆಫ್ ಸ್ವಾನ್ ಪೊರೆಯನ್ನು ಬೇರೆ ಕಾಗದಕ್ಕೆ ಮಗುಚಿ ಅಂಟಿಸಿ, ಕರಗುವ ಭಾಗ ಮೇಲೆ ಬರುವ ಹಾಗೆ ಮಾಡಿದ. ನಾವು ಗೋಂದಿನವರು ಮಗುಚುವುದಿಲ್ಲ. ಹಾಗಾಗಿ ನಮಗಿರುವ ದಾರಿ ಒಂದೇ, ಲೇಪ ಎಷ್ಟು ತೆಳುವಾಗಿರಬೇಕೆಂದರೆ ಸ್ವಲ್ಪ ಬೆಳಕೂ ಅಡಿ ಮುಟ್ಟಬೇಕು.

ಈಗ ಕರಿಟ್ಯೂಬ್ ಅವರ ಸಲಹೆ ನೋಡಿ. ಬಣ್ಣ ಹೆಚ್ಚು ಹಾಕಿದರೆ ಏನಾಗುತ್ತೆ? ಕಪ್ಪು ಬೆಳಕನ್ನು ನುಂಗುತ್ತೆ, ಅಡಿಗೆ ಇನ್ನೂ ಕಡಿಮೆ ಇಳಿಯುತ್ತೆ, ಆಕಾಶ ಇನ್ನೂ ಬೇಗ ಏಳುತ್ತೆ. ನಿಮ್ಮ ವಿಷಯದಲ್ಲಿ ಇದು ರೋಗಕ್ಕೆ ರೋಗವನ್ನೇ ಔಷಧಿ ಕೊಟ್ಟ ಹಾಗೆ. ಆ ಪಟ್ಟೆ ಪರೀಕ್ಷೆಯನ್ನೂ ನಾನು ನಂಬುವುದಿಲ್ಲ, ಪುಸ್ತಕದಲ್ಲಿ ಎಷ್ಟು ಸಲ ಅಚ್ಚಾಗಿದ್ದರೂ ಸರಿ. ಡೈಕ್ರೋಮೇಟ್ ಇಲ್ಲದ, ಬೆಳಕೇ ಕಾಣದ ಗೋಂದು ಒಂದು ರೀತಿ ನಡೆದುಕೊಳ್ಳುತ್ತೆ. ಅದಕ್ಕೆ ಸಮಪಾಲು ಡೈಕ್ರೋಮೇಟ್ ದ್ರಾವಣ ಸೇರಿ ಬೆಳಕು ತಿಂದ ಮೇಲೆ ನಡತೆಯೇ ಬೇರೆ. ಅಲ್ಲಿ ಕಲೆ ಬಿಟ್ಟ ಪ್ರಮಾಣ ಇಲ್ಲಿ ಕಲೆ ಬಿಡದೆ ತೊಳೆಯಬಹುದು. ಪರೀಕ್ಷೆ ಮಾಡುವುದಾದರೆ ಚಿತ್ರಕ್ಕೆ ಬಳಸುವ ಮಿಶ್ರಣದಲ್ಲೇ ಮಾಡಬೇಕು.

ಎರಡನೆಯದು ನೆಗೆಟಿವ್. ಸಯನೋಟೈಪ್ ಉದ್ದ ಏಣಿಯ ಪ್ರಕ್ರಿಯೆ, ಅಂದರೆ ಗಾಢದಿಂದ ತಿಳಿಯ ತನಕ ಹೆಚ್ಚು ಛಾಯೆ ಹಿಡಿಯುತ್ತೆ, ಅದಕ್ಕೆ ಕಾಂಟ್ರಾಸ್ಟ್ ಇರುವ ನೆಗೆಟಿವ್ ಬೇಕು. ಗೋಂದಿನ ಒಂದು ಪದರದ ಏಣಿ ಗಿಡ್ಡ. 21 ಮೆಟ್ಟಿಲಿನ ಸ್ಟೆಪ್ ಟ್ಯಾಬ್ಲೆಟ್ (ತಿಳಿಯಿಂದ ಗಾಢಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಫಿಲ್ಮ್ ಪಟ್ಟಿ) ಇಟ್ಟು ನೋಡಿ, ಅದರಲ್ಲಿ ಒಂದೊಂದು ಮೆಟ್ಟಿಲೂ ಅರ್ಧ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿಯುವುದು). ಒಂದು ಕೋಟಿನಲ್ಲಿ ಐದಾರು ಮೆಟ್ಟಿಲು ಬೇರೆ ಬೇರೆಯಾಗಿ ಕಂಡರೆ ಸಾಮಾನ್ಯ ಫಲಿತಾಂಶ, ಏಳೆಂಟು ಸಿಕ್ಕರೆ ಕೈ ಒಳ್ಳೇದಿದೆ ಅಂತ. ನಿಮ್ಮ ನೀಲಿಯ ನೆಗೆಟಿವಿನಲ್ಲಿ ತೊಗಟೆಯಿಂದ ಆಕಾಶಕ್ಕೆ ಅದಕ್ಕಿಂತ ಎಷ್ಟೋ ದೂರ. ಒಂದೇ ಕೋಟಿನಲ್ಲಿ ಎರಡೂ ತುದಿ ಹಿಡಿಯುವುದು ಆಗದ ಕೆಲಸ. ಬಿಸಿಲಿನ ಹೊತ್ತು ಹಿಂದೆ ಮುಂದೆ ಮಾಡಿ ಪ್ರಯೋಜನ ಇಲ್ಲ.

ಒಂದೇ ಪದರದಲ್ಲಿ ಮುಗಿಸುವ ಆಸೆ ಬಿಡಿ. 1890ರ ದಶಕದ ಕೊನೆಗೆ ವಿಯೆನ್ನಾದ ಕ್ಯಾಮೆರಾ ಕ್ಲಬ್ಬಿನ ಛಾಯಾಗ್ರಾಹಕರಾದ ಹೈನ್ರಿಶ್ ಕ್ಯೂನ್, ಹೆನ್ನೆಬರ್ಗ್, ವಾಟ್ಸೆಕ್ ಮೂವರು ಮಾಡಿದ್ದು ಇದನ್ನೇ. ಒಂದೇ ಕಾಗದದ ಮೇಲೆ ಬಳಿ, ಬೆಳಕು ಕೊಡು, ತೊಳೆ, ಒಣಗಿಸು, ಮತ್ತೆ ಬಳಿ. ಒಂದೊಂದು ಕೋಟಿಗೂ ಬೇರೆ ಬೇರೆ ಕೆಲಸ ಹಂಚಬೇಕು.

ಆಕಾಶದ ಕೋಟು: ಹತ್ತು ಮಿಲಿ ಗೋಂದಿಗೆ ಅರ್ಧ ಗ್ರಾಂ ಕಪ್ಪೂ ಬೇಡ, ಬಳಿದಾಗ ಇಷ್ಟೇನಾ ಅನಿಸಬೇಕು. ಬೆಳಕು ಉದ್ದ. ತೊಗಟೆ ಮುಚ್ಚಿಹೋಗುತ್ತಲ್ಲ ಅಂತ ಹೆದರಬೇಡಿ, ಮುಚ್ಚಿದರೂ ಅದು ತಿಳಿಬೂದಿಯಷ್ಟೇ. ನೆರಳಿನ ಕೋಟು: ಬಣ್ಣ ಎರಡು ಮೂರು ಪಟ್ಟು, ಬೆಳಕು ಚಿಕ್ಕದು. ಅದು ಆಕಾಶದಿಂದ ಪೂರ್ತಿ ತೊಳೆದುಹೋಗಿ ಬಿರುಕುಗಳಲ್ಲಿ ಮಾತ್ರ ನಿಲ್ಲಬೇಕು. ಇವೆರಡರ ನಡುವೆ ಸೇತುವೆ ಬೇಕೆನಿಸಿದರೆ ಮಧ್ಯದ್ದೊಂದು. ಕ್ರಮ ಹಿಂದೆ ಮುಂದೆ ಆದರೂ ನಡೆಯುತ್ತೆ, ನಾನು ಮಧ್ಯದಿಂದ ಶುರು ಮಾಡುತ್ತೇನೆ, ಮುಂದಿನ ಕೋಟಿಗೆ ನೆಗೆಟಿವ್ ಕೂರಿಸಲು ಗುರುತು ಚೆನ್ನಾಗಿ ಕಾಣುತ್ತೆ ಅಂತ.

ಬಳಿಯುವಾಗ ಅಗಲ ಬ್ರಷ್‌ನಲ್ಲಿ ಬೇಗ ಹರಡಿ, ಕೂಡಲೇ ಇನ್ನೊಂದು ಒಣ ಬ್ರಷ್ ತೆಗೆದುಕೊಂಡು ತೂಕವೇ ಬಿಡದ ಹಾಗೆ ಅಡ್ಡಕ್ಕೂ ಉದ್ದಕ್ಕೂ ಸವರಿ. ಹೊಳಪು ಕಂಡರೆ ದಪ್ಪ ಆಯಿತು ಅಂತಲೇ ಲೆಕ್ಕ. ಹೇರ್ ಡ್ರೈಯರ್ ಬಿಸಿಗಾಳಿ ಬೇಡ. ಈ ಲೇಪ ಬೆಳಕಿಲ್ಲದೆಯೂ ತನ್ನಷ್ಟಕ್ಕೆ ಗಟ್ಟಿಯಾಗುತ್ತಾ ಇರುತ್ತೆ, ಬಿಸಿಗೂ ತೇವಕ್ಕೂ ಆ ಕೆಲಸ ಬಿರುಸಾಗುತ್ತೆ. ಮಂಕು ಬಲ್ಬಿನ ಕೋಣೆಯಲ್ಲಿ ಫ್ಯಾನ್ ಗಾಳಿಗೆ ಒಣಗಿಸಿ, ಒಣಗಿದ ಕೂಡಲೇ ಬಳಸಿ. ರಾತ್ರಿ ಬಳಿದು ಬೆಳಗ್ಗೆ ಬಿಸಿಲಿಗೆ ಅನ್ನುವ ಲೆಕ್ಕಾಚಾರ ಇದರಲ್ಲಿ ನಡೆಯೋಲ್ಲ.

ಅಂಗಡಿಯ ಬಾಟಲಿ ಗೋಂದು ಜಲವರ್ಣದವರಿಗೆ ಮಾಡಿದ್ದು, ಹೆಚ್ಚಾಗಿ ತೆಳು. ಲಿಥೋ ಅಚ್ಚಿನವರು ಬಳಸುವುದು 14 ಡಿಗ್ರಿ ಬೋಮೆಯದು (ಬೋಮೆ ಅಂದರೆ ದ್ರವದ ಸಾಂದ್ರತೆಯ ಅಳತೆ). ಗಟ್ಟಿ ಗೋಂದು ತಂದು ಒಂದು ಪಾಲಿಗೆ ಎರಡು ಎರಡೂವರೆ ಪಾಲು ನೀರು ಹಾಕಿ, ಮಲ್ ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟರೆ ತೊಗಟೆ ಕಸ ಬಟ್ಟೆಯಲ್ಲೇ ಉಳಿದು ಒಳ್ಳೇ ದ್ರಾವಣ ಇಳಿಯುತ್ತೆ. ಬಿಸಿ ಮಾಡಬೇಡಿ.

ತೊಳೆಯುವುದು: ಚಿತ್ರ ಕೆಳಮುಖವಾಗಿ ತೇಲಲಿ, ನೀರು ಕೋಣೆಯಷ್ಟೇ ಬೆಚ್ಚಗೆ ಸಾಕು. ಹಳದಿ ಇಳಿದ ಮೊದಲ ನೀರು ಬದಲಿಸಿ, ಆಮೇಲೆ ಕೈ ಹಾಕದೆ ಅರ್ಧ ಗಂಟೆ ಬಿಡಿ. ಟ್ರೇ ಅಲುಗಾಡಿಸಿ ಬೇಗ ತೆಗೆಯುವವರು ಆಕಾಶವನ್ನು ತಾವೇ ಕಳೆದುಕೊಳ್ಳುತ್ತಾರೆ. ಐದು ನಿಮಿಷದಲ್ಲೇ ಎಲ್ಲ ಹೋದರೆ ಬೆಳಕು ಕಡಿಮೆ. ಒಂದು ಗಂಟೆಯಾದರೂ ಏನೂ ಅಲುಗದಿದ್ದರೆ ಹೆಚ್ಚು. ಬಿಸಿಲಿನ ನಿಮಿಷ ಮಾತ್ರ ನನ್ನನ್ನು ಕೇಳಬೇಡಿ, ನಿಮ್ಮ ಬಿಸಿಲು, ನಿಮ್ಮ ಫಿಲ್ಮು, ನಿಮ್ಮ ಬಣ್ಣ. ಸ್ಟೆಪ್ ಟ್ಯಾಬ್ಲೆಟ್ ಹೇಳುತ್ತೆ.


ಕರಿಟ್ಯೂಬ್:

ಪಟ್ಟೆ ಪರೀಕ್ಷೆಯಿಂದ ನನಗೆ ಅನುಕೂಲವಾಗಿದೆ, ಅದನ್ನು ಬಿಡಲ್ಲ. ಕನಿಷ್ಠ ಯಾವ ಬ್ರ್ಯಾಂಡಿನ ಬಣ್ಣ ಕಾಗದಕ್ಕೆ ಜಾಸ್ತಿ ಕಚ್ಚುತ್ತೆ ಅಂತ ಗೊತ್ತಾಗುತ್ತೆ. ಆದರೆ ಆಕಾಶಕ್ಕೆ ಬಣ್ಣ ಹೆಚ್ಚಿಸಿ ಅಂದ ಮಾತು ವಾಪಸ್, ಸರ್ ಹೇಳಿದ ಕಾರಣ ಸರಿ.


ನೀಲಿಹಾಳೆ:

ಝಿಂಕ್‌ಪ್ಲೇಟ್ ಸರ್, ತುಂಬಾ ಧನ್ಯವಾದ. ತೆಳು ಬಣ್ಣ, ತೆಳು ಕೋಟು, ಫ್ಯಾನ್ ಗಾಳಿ, ಕೆಳಮುಖ ತೊಳೆತ, ಎಲ್ಲ ಹೇಳಿದ ಹಾಗೇ. ಆಕಾಶ ನಿಂತಿದೆ! ಮೋಡದ ಅಂಚು ಕೂಡ ಇದೆ. ಅದರ ಮೇಲೆ ನೆರಳಿನ ಕೋಟು ಹಾಕಿದೆ, ಬಿರುಕು ಬಿರುಕಾಗಿ ತೊಗಟೆ ಬಂತು.

ಈಗ ಬೇರೆ ತಕರಾರು. ನೆರಳಿನ ಕೋಟು ಆದ ಮೇಲೆ ಇಡೀ ಹಾಳೆಗೆ ಒಂದು ಬೂದು ಮುಸುಕು ಬಿದ್ದ ಹಾಗಿದೆ. ಮೋಡದ ಅತಿ ಬಿಳಿ ಜಾಗವೂ ಬಿಳಿಯಾಗಿ ಉಳಿದಿಲ್ಲ. ಹತ್ತಿರದಿಂದ ನೋಡಿದರೆ ನೂಲಿನ ಎಳೆಗಳಲ್ಲಿ ಕಪ್ಪು ಸಿಕ್ಕಿಕೊಂಡಿರುವಂತೆ ಕಾಣುತ್ತೆ. ಇನ್ನೊಂದು, ಎರಡನೇ ಸಲ ನೆಗೆಟಿವ್ ಕೂರಿಸಿದಾಗ ಒಂದು ಅಂಚು ಸರಿ ಮಾಡಿದರೆ ಇನ್ನೊಂದು ಅಂಚು ಕೂದಲೆಳೆಯಷ್ಟು ಆಚೆ ಹೋಗುತ್ತೆ. ಪ್ರಿಂಟರ್ ತಪ್ಪೇ?


ಮೂರುಬಣ್ಣ:

ಅಂಚಿನ ವಿಷಯ ನಾನು ಹೇಳುತ್ತೇನೆ, ಮುಸುಕಿನದು ಝಿಂಕ್‌ಪ್ಲೇಟ್ ಅವರಿಗೆ ಬಿಡುತ್ತೇನೆ.

ಪ್ರಿಂಟರ್ ತಪ್ಪಲ್ಲ, ಕಾಗದ ಕುಗ್ಗಿದೆ. ಮೊದಲ ಸಲ ನೆನೆದು ಒಣಗಿದಾಗ ಹತ್ತಿ ಕಾಗದ ಸ್ವಲ್ಪ ಕುಗ್ಗುತ್ತೆ, ಎರಡು ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಅದಕ್ಕೇ ಒಂದು ಅಂಚು ಕೂತು ಇನ್ನೊಂದು ಜಾರುವುದು. ಶುರುವಿಗೆ ಮುಂಚೆಯೇ ಹಾಳೆಯನ್ನು ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ ನೇತುಹಾಕಿ ಒಣಗಿಸಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಆಮೇಲೆ ಹಾಳೆಯ ಅಂಚಿಗೂ ನೆಗೆಟಿವ್ ಅಂಚಿಗೂ ಒಟ್ಟಿಗೆ ಪಂಚ್ ಹೊಡೆದು ಪಿನ್ನಿಗೆ ಸಿಕ್ಕಿಸಿದರೆ ಪ್ರತಿ ಸಲ ಕಣ್ಣು ಕಿರಿದು ಮಾಡಿಕೊಂಡು ಕೂರಿಸುವ ಕೆಲಸ ಇಲ್ಲ. ಪೆನ್ಸಿಲ್ ಮೂಲೆ ಗುರುತೂ ಸಾಕಾಗುತ್ತೆ, ತಾಳ್ಮೆ ಇದ್ದವರಿಗೆ.

ಮೂರು ಬಣ್ಣ ಅಂದಿರಲ್ಲ, ಅದಕ್ಕೆ ಈಗಿಂದಲೇ ತಿಳಿದಿರಲಿ. ಡಿಜಿಟಲ್ ಚಿತ್ರದ ಕೆಂಪು ಚಾನೆಲ್‌ನ ನೆಗೆಟಿವ್ ಸಯನ್ ಬಣ್ಣಕ್ಕೆ, ಹಸಿರು ಚಾನೆಲ್‌ನದು ಮಜೆಂಟಾಗೆ, ನೀಲಿ ಚಾನೆಲ್‌ನದು ಹಳದಿಗೆ. ಟ್ಯೂಬ್ ಕೊಳ್ಳುವಾಗ ಮುಂದಿನ ಚೆಂದದ ಹೆಸರು ನೋಡಬೇಡಿ, ಹಿಂದಿನ ಸಣ್ಣ ಅಕ್ಷರದ ವರ್ಣದ್ರವ್ಯದ ಸಂಖ್ಯೆ ನೋಡಿ. ನಾನು ಬಳಸುವುದು ಪಿಬಿ 15:3 ಅಂದರೆ ಥ್ಯಾಲೋ ನೀಲಿ, ಪಿವಿ 19 ಅಂದರೆ ಕ್ವಿನಾಕ್ರಿಡೋನ್, ಪಿವೈ 151 ಹಳದಿ. ಮೂರೂ ಒಂಟಿ ವರ್ಣದ್ರವ್ಯ, ಬೆಳಕಿಗೆ ಮಾಸುವುದಿಲ್ಲ. ಹೆಸರಿನ ಕೊನೆಗೆ ಹ್ಯೂ ಅಂತಿದ್ದರೆ ಅದು ಬೇರೇನನ್ನೋ ಬೆರೆಸಿದ ಬದಲಿ. ಅಲಿಝರಿನ್ ಕ್ರಿಮ್ಸನ್ ಪಿಆರ್ 83 ಎಷ್ಟೇ ಚೆಲುವಾಗಿದ್ದರೂ ಗೋಡೆಯ ಮೇಲೆ ಮಾಸುತ್ತೆ, ಬೇಡ. ಥ್ಯಾಲೋ ಬಲು ಜೋರು, ಹಳದಿಗಿಂತ ಎಷ್ಟೋ ಕಡಿಮೆ ಸಾಕು.

ನಿಮಗೊಂದು ಅನುಕೂಲ ಇದೆ. ನೀಲಿ ಪದರಕ್ಕೆ ಗೋಂದೇ ಬೇಕೆಂದಿಲ್ಲ. ಸಯನೋಟೈಪ್ ಮಾಡಿ ಅದರ ಮೇಲೆ ಮಜೆಂಟಾ, ಹಳದಿ ಗೋಂದಿನ ಕೋಟು ಕೊಡಬಹುದು. ನೀಲಿಯಲ್ಲಿ ವಿವರ ಚೂಪಾಗಿ ಬರುತ್ತೆ, ಉಳಿದೆರಡಕ್ಕೆ ಅದೇ ಗುರಿ. ಸಯನೋಟೈಪ್ ಸ್ವಲ್ಪ ತಿಳಿಯಾಗಿಯೇ ಇರಲಿ, ಇಲ್ಲದಿದ್ದರೆ ಎಲ್ಲವನ್ನೂ ಅದೇ ಆಳುತ್ತೆ. ಕ್ಷಾರ ಮಾತ್ರ ತಾಗಿಸಬೇಡಿ, ನೀಲಿ ಮಾಯವಾಗುತ್ತೆ. ಒಂದು ಪ್ರಕ್ರಿಯೆಯ ಮೇಲೆ ಇನ್ನೊಂದನ್ನು ಕೂರಿಸುವುದು ಕಳ್ಳದಾರಿ ಅಂತ ಯಾರಾದರೂ ಮೂಗು ಮುರಿದರೆ, ಅಮೆರಿಕದ ಛಾಯಾಗ್ರಾಹಕ ಸ್ಟೈಕನ್ ತನ್ನ ನ್ಯೂಯಾರ್ಕಿನ ಫ್ಲಾಟೈರನ್ ಕಟ್ಟಡದ ಮುದ್ರಣಗಳನ್ನು ಮಾಡಿದ್ದೇ ಪ್ಲಾಟಿನಂ ಮುದ್ರಣದ ಮೇಲೆ ಗೋಂದಿನ ಬಣ್ಣ ಹಚ್ಚಿ ಅಂತ ಹೇಳಿ. 1904ರಲ್ಲಿ ತೆಗೆದ ಅದೇ ಚಿತ್ರ ಒಂದರಲ್ಲಿ ಹಸಿರು ಮುಸ್ಸಂಜೆ, ಇನ್ನೊಂದರಲ್ಲಿ ಕಂದು.


ಝಿಂಕ್‌ಪ್ಲೇಟ್:

ಮುಸುಕಿಗೆ ಬರೋಣ. ಮುಸುಕು ಎರಡು ಬಗೆ, ನೋಡಲು ಒಂದೇ, ಔಷಧಿ ಬೇರೆ ಬೇರೆ. ಒಂದು, ಬಣ್ಣ ಕಾಗದದ ನೂಲಿಗೆ ಇಳಿದು ಕೂತ ಕಲೆ. ಇನ್ನೊಂದು, ಬೆಳಕೋ ಬಿಸಿಯೋ ತಾಗಿ ಎಲ್ಲ ಕಡೆ ಗೋಂದು ಅಷ್ಟಿಷ್ಟು ಗಟ್ಟಿಯಾದದ್ದು. ಬೇರ್ಪಡಿಸುವುದು ಸುಲಭ. ಅದೇ ಮಿಶ್ರಣವನ್ನು ಅದೇ ಕಾಗದದ ತುಂಡಿಗೆ ಬಳಿದು ಒಣಗಿಸಿ, ಬಿಸಿಲು ತೋರಿಸದೆ ನೇರ ನೀರಿಗೆ ಹಾಕಿ. ಅದರ ಜೊತೆಗೇ ಇನ್ನೊಂದು ತುಂಡನ್ನು ಬಳಿದು, ಚಿತ್ರಕ್ಕೆ ಎಷ್ಟು ಹೊತ್ತು ಕಾಯಿಸುತ್ತೀರೋ ಅಷ್ಟು ಹೊತ್ತು ಕತ್ತಲಲ್ಲಿಟ್ಟು ಆಮೇಲೆ ನೀರಿಗೆ ಹಾಕಿ. ಎರಡೂ ಬಿಳಿಯಾದರೆ ಕಾಗದದ್ದೂ ಬಣ್ಣದ್ದೂ ತಪ್ಪಿಲ್ಲ, ಬೆಳಕು ಹೆಚ್ಚಾಗಿದೆ, ಅಥವಾ ನೆಗೆಟಿವಿನ ಗಾಢ ಭಾಗ ನೇರಳಾತೀತ ಬೆಳಕನ್ನು ಪೂರ್ತಿ ತಡೆಯುತ್ತಿಲ್ಲ. ಕಣ್ಣಿಗೆ ಕಪ್ಪಾಗಿ ಕಂಡ ಇಂಕು ನೇರಳಾತೀತಕ್ಕೆ ಕಪ್ಪಾಗಿರಬೇಕೆಂದಿಲ್ಲ. ಮೊದಲ ತುಂಡು ಬಿಳಿ, ಎರಡನೆಯದು ಮಬ್ಬು ಆದರೆ ಕತ್ತಲಲ್ಲೇ ಗಟ್ಟಿಯಾಗಿದೆ, ನಿಮ್ಮ ಕೋಣೆಯಲ್ಲಿ ತೇವ ಜಾಸ್ತಿ, ಕಾಯುವ ಹೊತ್ತು ಕಡಿಮೆ ಮಾಡಿ. ಮೊದಲನೆಯದೇ ಮಬ್ಬಾದರೆ ಅದು ಕಲೆ.

ನೂಲಿನಲ್ಲಿ ಸಿಕ್ಕಿಕೊಂಡಿದೆ ಅಂದದ್ದು ನೋಡಿದರೆ ನನ್ನ ಊಹೆ ಕಲೆಯ ಕಡೆಗೆ. ಕಾರ್ಖಾನೆಯಲ್ಲಿ ಕಾಗದಕ್ಕೆ ಕೊಟ್ಟ ಸೈಜಿಂಗ್ (ಬಣ್ಣ ನೂಲಿಗೆ ಇಳಿಯದಂತೆ ತಡೆಯುವ ಲೇಪ) ಮೊದಲ ಕೋಟಿಗೆ ಕಾಪಾಡಿತು. ಒಮ್ಮೆ ನೆನೆದು ಒಣಗಿದ ಮೇಲೆ ಸಡಿಲಾಯಿತು. ಮೂರುಬಣ್ಣ ಅವರು ಹೇಳಿದಂತೆ ಬಿಸಿ ನೀರಲ್ಲಿ ನೆನೆಸಿದರೆ ಇನ್ನಷ್ಟು ಸಡಿಲಾಗುತ್ತೆ, ಅವರದನ್ನು ಮಾಡಿದರೆ ನನ್ನದನ್ನೂ ಮಾಡಲೇಬೇಕು. ಕುಗ್ಗಿಸಿದ ಹಾಳೆಗೆ ಜೆಲಟಿನ್ ಹಚ್ಚಿ. ನೂರು ಮಿಲಿ ನೀರಿಗೆ ಮೂರು ಗ್ರಾಂ, ತಣ್ಣೀರಲ್ಲಿ ಉಬ್ಬಲು ಬಿಟ್ಟು ಆಮೇಲೆ ಬೆಚ್ಚಗೆ ಕರಗಿಸಿ ಅಗಲ ಬ್ರಷ್‌ನಿಂದ. ಬರೀ ಜೆಲಟಿನ್ ಬಿಸಿ ನೀರಿಗೆ ಸೋಲುತ್ತೆ, ಅದನ್ನು ಗಟ್ಟಿ ಮಾಡಲು ಕ್ರೋಮ್ ಆಲಂ ಬಳಸುತ್ತೇನೆ, ನೇರಳೆ ಹರಳು. ಫಾರ್ಮಲಿನ್ ಕೆಲಸ ಮಾಡುತ್ತೆ, ಆದರೆ ಆ ಆವಿಯನ್ನು ಮನೆಯೊಳಗೆ ಯಾರಿಗೂ ಹೇಳಲಾರೆ. ಇದೆಲ್ಲ ಬೇಡ ಅನ್ನುವವರು ಚಿತ್ರಕಾರರು ಕ್ಯಾನ್ವಾಸಿಗೆ ಮೊದಲು ಬಳಿಯುವ ಬಿಳಿ ಅಕ್ರಿಲಿಕ್ ಜೆಸ್ಸೊವನ್ನು ನೀರು ಹಾಕಿ ತೆಳು ಮಾಡಿ ಒಂದು ಕೈ ಹೊಡೆಯುತ್ತಾರೆ. ಅದರ ತರಿತರಿ ಗೋಂದಿಗೆ ಹಿಡಿತವನ್ನೂ ಕೊಡುತ್ತೆ. ತೀರಾ ನುಣುಪಾಗಿ ಸೈಜಿಂಗ್ ಹಚ್ಚಿದರೆ ಗೋಂದಿಗೆ ಕಚ್ಚಲು ಏನೂ ಇಲ್ಲದೆ ಮತ್ತೆ ಸಿಪ್ಪೆ ಏಳುತ್ತೆ, ಎಚ್ಚರ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಪ್ಲೇಟ್ ರೂಮಿನಲ್ಲಿ ಕೈಗವಸು ಯಾರೂ ಹಾಕುತ್ತಿರಲಿಲ್ಲ. ಉಗುರಿನ ಬುಡದಲ್ಲಿ, ಗೆಣ್ಣಿನ ಮೇಲೆ ಸಣ್ಣ ಗುಂಡಿ ತೋಡಿದ ಹಾಗೆ ಹುಣ್ಣು, ನೋವು ಕಡಿಮೆ, ವಾಸಿಯಾಗಲು ವಾರಗಟ್ಟಲೆ. ಕ್ರೋಮ್ ಹುಣ್ಣು ಅನ್ನುತ್ತಿದ್ದೆವು. ಕೆಲವರಿಗೆ ಚರ್ಮ ಒಮ್ಮೆ ಒಗ್ಗದೆ ಹೋದರೆ ಆಮೇಲೆ ಒಂದು ಹನಿ ತಾಗಿದರೂ ಕೈಯೆಲ್ಲ ತುರಿ, ಜೀವನಪೂರ್ತಿ. ಡೈಕ್ರೋಮೇಟಿನಲ್ಲಿರುವುದು ಆರರ ವೇಲೆನ್ಸಿಯ ಕ್ರೋಮಿಯಂ, ಪುಡಿಯನ್ನು ಉಸಿರಿಗೆ ಎಳೆದುಕೊಂಡರೆ ಶ್ವಾಸಕೋಶದ ಕ್ಯಾನ್ಸರ್ ತರುವಂಥದ್ದು. ನೈಟ್ರೈಲ್ ಕೈಗವಸು, ಪುಡಿ ತೂಗುವಾಗ ಸರಿಯಾದ ಮಾಸ್ಕ್, ಅಡುಗೆಮನೆಯ ಪಾತ್ರೆ ಚಮಚ ಯಾವುದೂ ಬೇಡ. ಒಂದೇ ಸಲ ದ್ರಾವಣ ಮಾಡಿ ಕಂದು ಬಾಟಲಿಯಲ್ಲಿಟ್ಟರೆ ಪುಡಿಯ ಸಹವಾಸ ಪದೇ ಪದೇ ಇಲ್ಲ.

ಬೇಗ ಆಗಲಿ ಅಂತ ಅಮೋನಿಯಂ ಡೈಕ್ರೋಮೇಟಿಗೆ ಹೋಗುವ ಆಸೆ ಬರುತ್ತೆ. ಪೊಟಾಸಿಯಂನದು ನೂರು ಮಿಲಿ ನೀರಿಗೆ ಸುಮಾರು 12 ಗ್ರಾಂ ಕರಗುತ್ತೆ, ಅಮೋನಿಯಂನದು ಅದರ ಎರಡು ಪಟ್ಟಿಗೂ ಹೆಚ್ಚು, ಹಾಗಾಗಿ ವೇಗವೂ ಹೆಚ್ಚು. ಆದರೆ ಅದರ ಒಣ ಪುಡಿಗೆ ಕಿಡಿ ತಾಗಿದರೆ ತಾನೇ ಉರಿದು ಹಸಿರು ಬೂದಿ ಉಗುಳುತ್ತೆ. ಕಲಿಯುವವರಿಗೆ ಪೊಟಾಸಿಯಂ ಸಾಕು. ನಿಧಾನ ಆದರೆ ನಷ್ಟ ಏನಿದೆ?


ಮೂರುಬಣ್ಣ:

ಇದಕ್ಕೆ ಸೇರಿಸುವುದು ಒಂದೇ. ಯುರೋಪ್ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್‌ನಿಂದ ಈ ಎರಡೂ ಡೈಕ್ರೋಮೇಟುಗಳನ್ನು ವಿಶೇಷ ಅನುಮತಿ ಇಲ್ಲದೆ ಬಳಸುವ ಹಾಗಿಲ್ಲ. ನೀವಿರುವ ಕಡೆ ಸುಲಭವಾಗಿ ಸಿಕ್ಕಿತು ಅಂದರೆ ಸುರಕ್ಷಿತ ಅಂತ ಅರ್ಥ ಅಲ್ಲ.


ನೀಲಿಹಾಳೆ:

ತುಂಡಿನ ಪರೀಕ್ಷೆ ಮಾಡಿದೆ. ಮೊದಲ ತುಂಡೇ ಮಬ್ಬು, ಹಾಗಾದರೆ ಕಲೆಯೇ. ಜೆಲಟಿನ್ ನೆನೆಹಾಕಿದ್ದೇನೆ. ಕೈಗವಸು ಹಾಕುತ್ತಿದ್ದೆ, ಮಾಸ್ಕ್ ಇರಲಿಲ್ಲ, ತಂದೆ.

ಕೊನೆಯ ಎರಡು ಪ್ರಶ್ನೆ. ಮುಗಿದ ಚಿತ್ರದ ಬಿಳಿಯಲ್ಲಿ ತುಸು ಹಳದಿ-ಕಂದು ಛಾಯೆ ಉಳಿಯುತ್ತೆ, ಅದು ಬಣ್ಣದ್ದಲ್ಲ, ಡೈಕ್ರೋಮೇಟಿನದು ಅನಿಸುತ್ತೆ, ತೆಗೆಯಬಹುದೇ? ಮತ್ತೆ, ಬಳಿದು ಉಳಿದ ಮಿಶ್ರಣವನ್ನು ಮರುದಿನಕ್ಕೆ ಇಡಬಹುದಾ, ಇಲ್ಲದಿದ್ದರೆ ಎಲ್ಲಿ ಚೆಲ್ಲಲಿ?


ಝಿಂಕ್‌ಪ್ಲೇಟ್:

ತೆಗೆಯಬಹುದು. ಸೋಡಿಯಂ ಅಥವಾ ಪೊಟಾಸಿಯಂ ಮೆಟಾಬೈಸಲ್ಫೈಟ್ ಒಂದೆರಡು ಪರ್ಸೆಂಟ್ ದ್ರಾವಣದಲ್ಲಿ ಕೆಲವು ನಿಮಿಷ, ಆಮೇಲೆ ಚೆನ್ನಾಗಿ ನೀರು. ಗಾಳಿ ಆಡುವ ಕಡೆ ಮಾಡಿ, ವಾಸನೆ ಮೂಗಿಗೆ ಹೊಡೆಯುತ್ತೆ. ಪ್ರತಿ ಕೋಟಿಗೂ ಬೇಡ, ಎಲ್ಲ ಪದರ ಮುಗಿದು ಒಣಗಿದ ಮೇಲೆ ಒಂದೇ ಸಲ. ಹಸಿ ಗೋಂದು ಮೆತ್ತಗಿರುತ್ತೆ, ಆಗ ಮುಟ್ಟಿದರೆ ಗೀರು ಬೀಳುತ್ತೆ.

ಉಳಿದ ಮಿಶ್ರಣ ಇಡುವ ಹಾಗಿಲ್ಲ. ಕಲಸಿದ ಗಳಿಗೆಯಿಂದಲೇ ಗಟ್ಟಿಯಾಗಲು ಶುರು. ಹಾಳೆಗೆ ಬೇಕಾದಷ್ಟೇ ಕಲಸಿ, ಅಂಗೈ ಅಗಲದ ಚಿತ್ರಕ್ಕೆ ಎರಡು ಮೂರು ಮಿಲಿ ಧಾರಾಳ. ಬೇರೆ ಬೇರೆ ಇಟ್ಟರೆ ಡೈಕ್ರೋಮೇಟ್ ದ್ರಾವಣ ವರ್ಷಗಟ್ಟಲೆ ಇರುತ್ತೆ. ಗೋಂದು ಹುಳಿಯಾಗುತ್ತೆ, ಚಿಟಿಕೆ ಸೋಡಿಯಂ ಬೆಂಜೊಯೇಟ್ ಹಾಕಿಟ್ಟರೆ ತಡೆಯುತ್ತೆ.

ಚೆಲ್ಲುವುದು: ಉಳಿದ ಮಿಶ್ರಣ ಮತ್ತು ಕಿತ್ತಳೆ ಇಳಿದ ಮೊದಲ ತೊಳೆನೀರು ಮೋರಿಗೂ ಬೇಡ, ಗಿಡದ ಬುಡಕ್ಕೂ ಬೇಡ. ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಡಿ. ಅದಕ್ಕೆ ವಿಟಮಿನ್ ಸಿ ಪುಡಿ, ಆಸ್ಕಾರ್ಬಿಕ್ ಆಮ್ಲ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕಲಕಿ. ಕಿತ್ತಳೆ ಹೋಗಿ ಹಸಿರು ಮಿಶ್ರಿತ ಕಂದು ಬಂದರೆ ಆರರ ಕ್ರೋಮಿಯಂ ಮೂರಕ್ಕಿಳಿದಿದೆ, ವಿಷ ಎಷ್ಟೋ ಕಡಿಮೆ. ಪೂರ್ತಿ ಹೋಯಿತು ಅಂತಲ್ಲ, ಆ ಕ್ಯಾನನ್ನೂ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಕ್ಯಾನಿನ ಮೇಲೆ ಏನಿದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ. ತೊಗಟೆಗೆ ಇನ್ನೊಂದು ನೆರಳಿನ ಕೋಟು ಕೊಡುವ ಮುಂಚೆ ಜೆಲಟಿನ್ ಹಚ್ಚಿದ ಹಾಳೆಯಲ್ಲಿ ಆಕಾಶದ ಕೋಟಿನ ಬೆಳಕನ್ನು ಟ್ಯಾಬ್ಲೆಟ್ ಇಟ್ಟು ಹೊಸದಾಗಿ ಅಳೆದುಕೊಳ್ಳಿ, ಕಾಗದ ಬದಲಾದರೆ ಹಳೇ ನಿಮಿಷ ಲೆಕ್ಕಕ್ಕೆ ಬರೋಲ್ಲ.